ಕಹಿಯೆಂಬ ಮಾತಿನ ಕುಟುಂಬ: ಒಂದು ಇಬ್ರಿಯ ಧಾತುವಿನ ಅಭ್ಯಾಸ

ನಮ್ಮ ಪಾಠಶಾಲೆಯ ಹಾಜರಿ ಪಟ್ಟಿಯನ್ನು ಯಾವ ವರುಷದಲ್ಲಿ ತೆರೆದು ನೋಡಿದರೂ ಮರಿಯಮ್ಮ, ಮಿರ್ಯಾಮ, ಮಾರ್ಥ, ನೊವೊಮಿ, ಹನ್ನ, ರೂತ್ ಎಂಬ ಹೆಸರುಗಳು ಅದರಲ್ಲಿ ಇಲ್ಲದೆ ಇರುವದಿಲ್ಲ. ತಂದೆತಾಯಿಗಳು ಭಕ್ತಿಯಿಂದ ಇಟ್ಟ ಈ ಹೆಸರುಗಳ ಅರ್ಥವೇನೆಂದು ಮಕ್ಕಳು ಕೇಳುವದು ಸಹಜವೇ. ಹೆಸರುಗಳ ಅರ್ಥವನ್ನು ತಿಳಿಸುವ ಕಿರುಪುಸ್ತಕಗಳಲ್ಲಿ ಮರಿಯಳೆಂಬ ಹೆಸರಿನ ಮುಂದೆ ಕಹಿ ಎಂದು ಅಚ್ಚಾಗಿರುವದನ್ನು ಓದಿ ಕೆಲವು ತಾಯಂದಿರು ಮನನೊಂದು, ಇಂಥ ಹೆಸರನ್ನು ಮಗುವಿಗೆ ಇಡಬಹುದೋ ಎಂದು ನಮ್ಮನ್ನು ವಿಚಾರಿಸಿದ್ದುಂಟು. ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸುವದಕ್ಕಿಂತ, ಕಹಿಯನ್ನು ಸೂಚಿಸುವ ಇಬ್ರಿಯ ಧಾತುವನ್ನೂ ಅದರಿಂದ ಹುಟ್ಟಿದ ಮಾತುಗಳನ್ನೂ ಕ್ರಮವಾಗಿ ಅಭ್ಯಾಸ ಮಾಡುವದು ಲೇಸೆಂದು ನಾವು ಎಣಿಸಿದೆವು. ಯಾಕಂದರೆ ಆ ಮಾತುಗಳು ಶಬ್ದಕೋಶದ ವಿಷಯ ಮಾತ್ರವಾಗಿರದೆ, ಮನಸ್ಸು ಕಹಿಯಾದವರ ಸಂಗಡ ಹೇಗೆ ನಡೆದುಕೊಳ್ಳಬೇಕೆಂಬ ಪಾಠವನ್ನೂ ನಮಗೆ ಕಲಿಸುತ್ತವೆ.

1. ಧಾತುವಿನ ಸ್ವರೂಪ

ಸಂಸ್ಕೃತ ವ್ಯಾಕರಣವನ್ನು ಸ್ವಲ್ಪವಾದರೂ ಕಲಿತವರಿಗೆ ಧಾತುವೆಂಬದು ಹೊಸ ಮಾತಲ್ಲ. ಯುಜ್ ಎಂಬ ಒಂದೇ ಧಾತುವಿನಿಂದ ಯೋಗ, ಯುಕ್ತ, ಯೋಗ್ಯ, ಸಂಯೋಗ ಮೊದಲಾದ ಶಬ್ದಗಳು ಹುಟ್ಟಿದವೆಂದು ನಮ್ಮ ವಿದ್ಯಾರ್ಥಿನಿಯರು ಬಲ್ಲರು. ಇಬ್ರಿಯ ಭಾಷೆಯಲ್ಲಿಯೂ ಹೀಗೆಯೇ. ಆದರೆ ಅಲ್ಲಿ ಧಾತುವು ಸಾಮಾನ್ಯವಾಗಿ ಮೂರು ವ್ಯಂಜನಗಳಿಂದ ಕೂಡಿರುತ್ತದೆ. ಆ ವ್ಯಂಜನಗಳ ನಡುವಣ ಸ್ವರಗಳು ಬದಲಾದ ಹಾಗೆಲ್ಲಾ, ಮುಂದೆ ಹಿಂದೆ ಅಕ್ಷರಗಳು ಸೇರಿದ ಹಾಗೆಲ್ಲಾ, ನಾಮಪದ, ಗುಣವಾಚಕ, ಕ್ರಿಯಾಪದಗಳು ಹುಟ್ಟುತ್ತವೆ. ಪೂರ್ವಕಾಲದ ಬರೆಹಗಾರರು ಬಹುಮಟ್ಟಿಗೆ ವ್ಯಂಜನಗಳನ್ನೇ ಬರೆಯುತ್ತಿದ್ದರು. ಸ್ವರಗಳನ್ನು ತೋರಿಸುವ ಚಿಕ್ಕ ಗುರುತುಗಳನ್ನು ಮಸೊರೇತರೆಂಬ ಯೆಹೂದ್ಯ ಪಂಡಿತರು ಕ್ರಿ. ಶ. 6ರಿಂದ 10ನೆಯ ಶತಮಾನದೊಳಗೆ ಸೇರಿಸಿದರು.

ನಾವು ಈಗ ಅಭ್ಯಾಸ ಮಾಡುವ ಧಾತುವಿನ ವ್ಯಂಜನಗಳು ಮ್, ರ್, ರ್ ಎಂಬವು. ಕಡೆಯ ಎರಡೂ ಒಂದೇ ಅಕ್ಷರವಾಗಿರುವದರಿಂದ ಅನೇಕ ರೂಪಗಳಲ್ಲಿ ಅವು ಕೂಡಿಕೊಂಡು ಒಂದೇ ಆಗಿ ಕಾಣುತ್ತವೆ. ಪುಲ್ಲಿಂಗದಲ್ಲಿ ಮರ್, ಸ್ತ್ರೀಲಿಂಗದಲ್ಲಿ ಮಾರಾ. ಎರಡಕ್ಕೂ ಕಹಿಯಾದದ್ದು ಎಂದೇ ಅರ್ಥ. ಇಬ್ರಿಯ ಭಾಷೆಯ ಸೋದರಿಗಳಲ್ಲಿಯೂ ಈ ಧಾತುವುಂಟು. ಅರಬಿಯಲ್ಲಿ ಕಹಿಗೆ ಮುರ್ರ್ ಎನ್ನುತ್ತಾರೆ. ಬಾಬೆಲಿನವರೂ ಅಶ್ಶೂರದವರೂ ಆಡುತ್ತಿದ್ದ ಪುರಾತನ ಅಕ್ಕಾದ್ ಭಾಷೆಯಲ್ಲಿ ಕಹಿಯಾಗುವದಕ್ಕೆ ಮರಾರು ಎಂಬ ಕ್ರಿಯಾಪದವಿತ್ತು. ನಮ್ಮ ಕಹಿ, ಹಳಗನ್ನಡದ ಕಯ್ಪೆ, ತುಳುವಿನ ಕೈಪೆ, ತಮಿಳಿನ ಕೈಪ್ಪು ಇವು ಹೇಗೆ ಒಂದು ಮನೆಯ ಮಕ್ಕಳೋ ಅವು ಹಾಗೆಯೇ. ಮಾರಾ ಎಂಬದು ನಮ್ಮ ಕಿವಿಗೆ ಮರವೆಂದು ಕೇಳಿಸಬಹುದಾದರೂ ಅವೆರಡಕ್ಕೂ ಯಾವ ಸಂಬಂಧವೂ ಇಲ್ಲ.

2. ನಾಲಿಗೆಯ ಕಹಿ

ಧಾತುವಿನ ಮೊದಲನೆಯ ಅರ್ಥವು ರುಚಿಗೆ ಸೇರಿದ್ದು. ವಿಮೋಚನಕಾಂಡದ 15ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಕೆಂಪು ಸಮುದ್ರವನ್ನು ದಾಟಿ ಶೂರ್ ಅರಣ್ಯದಲ್ಲಿ 3 ದಿವಸ ನೀರಿಲ್ಲದೆ ನಡೆದರು. ಕಡೆಗೆ ನೀರು ದೊರೆತಾಗ ಅದು ಬಾಯಿಗೆ ಇಡಲಾಗದಷ್ಟು ಕಹಿಯಾಗಿತ್ತು. ಆದಕಾರಣ ಆ ಸ್ಥಳಕ್ಕೆ ಮಾರಾ ಎಂಬ ಹೆಸರಾಯಿತು. ಮೋಶೆಯು ದೇವರಿಗೆ ಮೊರೆಯಿಡಲಾಗಿ ಆತನು ಒಂದು ಮರವನ್ನು ತೋರಿಸಿದನು. ಅದನ್ನು ನೀರಿನಲ್ಲಿ ಹಾಕಿದ ಮೇಲೆ ನೀರು ಸಿಹಿಯಾಯಿತು. ಅಲ್ಲಿಂದ ಮುಂದೆ ಅವರು 12 ಒರತೆಗಳೂ 70 ಖರ್ಜೂರದ ಮರಗಳೂ ಇದ್ದ ಏಲೀಮಿಗೆ ಬಂದರು. ಇಲ್ಲಿ ಗಮನಿಸತಕ್ಕದ್ದೇನಂದರೆ, ಮಾರಾ ಪ್ರಯಾಣದ ಒಂದು ತಂಗುದಾಣವೇ ಹೊರತು ಅದರ ಕೊನೆಯಲ್ಲ. ಹಾಗಿದ್ದರೂ ಬರೆದವನು ಆ ಕಹಿಯನ್ನು ಮರೆಮಾಡದೆ, ಊರಿನ ಹೆಸರಾಗಿಯೇ ಉಳಿಸಿದನು.

ರುಚಿಯನ್ನು ಕುರಿತ ಬೇರೆರಡು ಉಪದೇಶಗಳೂ ಈ ಮಾತಿನಿಂದಲೇ ಬಂದಿವೆ. ಹಸಿದವನಿಗೆ ಕಹಿಯಾದದ್ದೂ ಸಿಹಿಯಾಗಿ ತೋರುವದೆಂದು ಜ್ಞಾನೋಕ್ತಿಗಳ 27ನೆಯ ಅಧ್ಯಾಯ ತಿಳಿಸುತ್ತದೆ. ಕಹಿಯನ್ನು ಸಿಹಿಯೆಂದೂ ಸಿಹಿಯನ್ನು ಕಹಿಯೆಂದೂ ಹೆಸರು ಬದಲಾಯಿಸಿ ಹೇಳುವವರಿಗೆ ಯೆಶಾಯನು 5ನೆಯ ಅಧ್ಯಾಯದಲ್ಲಿ ಅಯ್ಯೋ ಎನ್ನುತ್ತಾನೆ. ಕಹಿಯಾದದ್ದನ್ನು ಕಹಿಯೆಂದು ಹೇಳುವದು ಅವಿಶ್ವಾಸವಲ್ಲ, ಸತ್ಯವೇ ಎಂಬದನ್ನು ಮುಂದಣ ವಿಷಯಕ್ಕಾಗಿ ನೆನಪಿನಲ್ಲಿಡೋಣ.

3. ನಾಲಿಗೆಯಿಂದ ಹೃದಯಕ್ಕೆ

ನಮ್ಮ ಭಾಷೆಯಲ್ಲಿ ಮನಸ್ಸು ಕಹಿಯಾಯಿತೆಂದು ಹೇಳುವ ಹಾಗೆಯೇ ಇಬ್ರಿಯರೂ ಮರ್ ನೆಫೆಷ್ ಎಂದು ಹೇಳುತ್ತಿದ್ದರು. ನೆಫೆಷ್ ಎಂದರೆ ಪ್ರಾಣ, ಆತ್ಮ; ಆದರೆ ಕೆಲವು ಕಡೆಗಳಲ್ಲಿ ಅದೇ ಮಾತಿಗೆ ಗಂಟಲೆಂಬ ಅರ್ಥವೂ ಉಂಟು. ಹೀಗೆ ಗಂಟಲಿನಲ್ಲಿ ಕಹಿ ನಿಂತಿರುವ ಮನುಷ್ಯನೇ ದುಃಖಿತನ ಚಿತ್ರವಾಗಿದ್ದಾನೆ. ತಮ್ಮನಿಂದ ಆಶೀರ್ವಾದವನ್ನು ಕಳೆದುಕೊಂಡ ಏಸಾವನ ಕೂಗು, ತನ್ನ ಜನರ ಮೇಲೆ ಹೊರಟ ಮರಣಾಜ್ಞೆಯನ್ನು ಕೇಳಿದ ಮೊರ್ದೆಕೈಯ ಕೂಗು, ಇವೆರಡಕ್ಕೂ ಮಹತ್ತಾದ ಕಹಿಯಾದ ಕೂಗೆಂಬ ಒಂದೇ ವರ್ಣನೆ ದೊರೆಯುತ್ತದೆ. ಐಗುಪ್ತ್ಯರು ಮಣ್ಣಿನ ಕೆಲಸ, ಇಟ್ಟಿಗೆಯ ಕೆಲಸ, ಹೊಲದ ಕೆಲಸಗಳಿಂದ ಇಸ್ರಾಯೇಲ್ಯರ ಜೀವವನ್ನು ಕಹಿ ಮಾಡಿದರೆಂಬಲ್ಲಿ ಧಾತುವು ಕ್ರಿಯಾಪದವಾಗಿ ಬಂದಿದೆ. ತನ್ನ ಮಕ್ಕಳಿಗಾಗಿ ಅಳುವ ರಾಹೇಲಳ ರೋದನವನ್ನು ಯೆರೆಮೀಯನು 31ನೆಯ ಅಧ್ಯಾಯದಲ್ಲಿ ತಮ್ರೂರೀಮ್ ಎಂಬ ಶಬ್ದದಿಂದ ಹೇಳುತ್ತಾನೆ. ಅದೂ ಇದೇ ಧಾತುವಿನಿಂದ ಹುಟ್ಟಿದ್ದು. ಪ್ರತಿಯೊಂದು ಹೃದಯಕ್ಕೂ ತನ್ನ ಕಹಿಯು ತನಗೇ ಗೊತ್ತೆಂಬ ಜ್ಞಾನೋಕ್ತಿಯೂ ಈ ಗುಂಪಿಗೇ ಸೇರಿದೆ.

ಆದರೆ ಈ ಧಾತುವಿನ ಪೂರ್ಣ ಅರ್ಥವನ್ನು ತಿಳಿಯಬೇಕಾದರೆ ಸತ್ಯವೇದದ ಮೂವರು ಸ್ತ್ರೀಯರ ಬಳಿಗೆ ಹೋಗಬೇಕು.

ಮೊದಲನೆಯವಳು ಹನ್ನಳು. ಮಕ್ಕಳಿಲ್ಲದ ಈಕೆಯು ಶೀಲೋವಿನ ದೇವಾಲಯದಲ್ಲಿ ಕಹಿಯಾದ ಮನಸ್ಸುಳ್ಳವಳಾಗಿ ಬಹಳವಾಗಿ ಅಳುತ್ತಾ ಪ್ರಾರ್ಥಿಸಿದಳು. ತುಟಿಗಳು ಅಲ್ಲಾಡಿದರೂ ಧ್ವನಿಯು ಕೇಳಿಸದಿದ್ದದರಿಂದ ಯಾಜಕನಾದ ಏಲಿಯು ಆಕೆಯನ್ನು ಕುಡಿದವಳೆಂದು ತಿಳಿದು ಗದರಿಸಿದನು. ಆಕೆಯು ವಿನಯದಿಂದಲೂ ಧೈರ್ಯದಿಂದಲೂ ತನ್ನ ಸ್ಥಿತಿಯನ್ನು ತಿಳಿಸಿದಾಗ ಅವನು ತನ್ನ ಮಾತನ್ನು ಬದಲಾಯಿಸಿ ಸಮಾಧಾನದಿಂದ ಹೋಗೆಂದು ಹರಸಿದನು. ಆಗ ಆಕೆಯು ಹೋಗಿ ಊಟ ಮಾಡಿದಳು, ಆಕೆಯ ಮುಖದ ದುಃಖ ಹೋಯಿತು ಎಂದು ಬರೆದದೆ. ಮಗುವು ಇನ್ನೂ ಹುಟ್ಟಿರಲಿಲ್ಲ. ಕೇಳಿಕೊಂಡದ್ದು ಇನ್ನೂ ಕೈಸೇರಿರಲಿಲ್ಲ. ಕಹಿಯನ್ನು ಸುರಿಯುವದಕ್ಕೆ ಸ್ಥಳವೂ ಅದನ್ನು ಕೇಳುವದಕ್ಕೆ ಒಬ್ಬ ಮನುಷ್ಯನೂ ದೊರೆತದ್ದರಿಂದಲೇ ಆಕೆಗೆ ಅನ್ನವು ಗಂಟಲಿನಲ್ಲಿ ಇಳಿಯಿತು.

ಎರಡನೆಯವಳು ಶೂನೇಮಿನ ಸ್ತ್ರೀ. ಅರಸುಗಳ ಎರಡನೆಯ ಪುಸ್ತಕದ 4ನೆಯ ಅಧ್ಯಾಯದಲ್ಲಿ ಈಕೆಯ ಒಬ್ಬನೇ ಮಗನು ಮಧ್ಯಾಹ್ನದ ತನಕ ತಾಯಿಯ ತೊಡೆಯ ಮೇಲೆ ಇದ್ದು ಸತ್ತುಹೋದನು. ಆಕೆಯು ಕತ್ತೆಯನ್ನೇರಿ ಕರ್ಮೆಲ್ ಬೆಟ್ಟಕ್ಕೆ ಪ್ರವಾದಿಯಾದ ಎಲೀಷನ ಬಳಿಗೆ ಹೊರಟಳು. ದಾರಿಯಲ್ಲಿ ಪ್ರವಾದಿಯ ಸೇವಕನಾದ ಗೇಹಜಿಯು ಎದುರಿಗೆ ಬಂದು ಕ್ಷೇಮವೋ ಎಂದು ವಿಚಾರಿಸಲು, ಕ್ಷೇಮವೆಂದಳು. ಮೇಲೆಮೇಲೆ ವಿಚಾರಿಸುವವರಿಗೆ ದುಃಖಿತರು ಕೊಡುವ ಉತ್ತರವು ಅಂದಿನಿಂದ ಇಂದಿನ ವರೆಗೂ ಇದೇ. ಪ್ರವಾದಿಯ ಬಳಿಗೆ ಬಂದ ಮೇಲೆ ಆಕೆಯು ಆತನ ಪಾದಗಳನ್ನು ಹಿಡಿದಳು. ಮರ್ಯಾದೆ ಕೆಟ್ಟಿತೆಂದು ಗೇಹಜಿಯು ಆಕೆಯನ್ನು ತಳ್ಳಿಬಿಡಲು ಬಂದನು. ಎಲೀಷನಾದರೋ ಬಿಡೆಂದು ಹೇಳಿ, ಆಕೆಯ ಪ್ರಾಣವು ಆಕೆಯೊಳಗೆ ಕಹಿಯಾಗಿದೆ ಎಂದು ಕಾರಣ ಕೊಟ್ಟನು. ಸಂಗತಿಯೇನೆಂದು ದೇವರು ತನಗೆ ತಿಳಿಸಲಿಲ್ಲವೆಂದೂ ಒಪ್ಪಿಕೊಂಡನು. ಒಬ್ಬನು ರೀತಿನೀತಿಯನ್ನು ನೋಡಿದನು, ಇನ್ನೊಬ್ಬನು ಕಹಿಯನ್ನು ನೋಡಿದನು. ಅವರ ವ್ಯತ್ಯಾಸವು ಇಷ್ಟೇ.

ಮೂರನೆಯವಳು ನೊವೊಮಿ. ಬರಗಾಲದಲ್ಲಿ ಬೇತ್ಲೆಹೇಮನ್ನು ಬಿಟ್ಟು ಮೋವಾಬ್ ದೇಶಕ್ಕೆ ಹೋದ ಈಕೆಯು ಅಲ್ಲಿ ಗಂಡನನ್ನೂ, ಸುಮಾರು 10 ವರುಷಗಳೊಳಗೆ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡಳು. ಸೊಸೆಯಾದ ರೂತಳೊಡನೆ ಹಿಂತಿರುಗಿದಾಗ ಊರಿನ ಹೆಂಗಸರು ಈಕೆ ನೊವೊಮಿಯೋ ಎಂದು ಬೆರಗಾದರು. ಆಗ ಆಕೆಯು ತನ್ನನ್ನು ನೊವೊಮಿ ಎಂದು ಕರೆಯದೆ ಮಾರಾ ಎಂದು ಕರೆಯಬೇಕೆಂದೂ, ಸರ್ವಶಕ್ತನು ತನ್ನನ್ನು ಬಹಳ ಕಹಿಪಡಿಸಿದನೆಂದೂ ಹೇಳಿದಳು. ನೊವೊಮಿ ಎಂಬದು ಮನೋಹರತೆಯನ್ನು ಸೂಚಿಸುವ ಬೇರೊಂದು ಧಾತುವಿನಿಂದ ಹುಟ್ಟಿದ ಹೆಸರು. ಇಂಪಾದ ಹೆಸರನ್ನು ಕಳಚಿಟ್ಟು ಕಹಿಯಾದ ಹೆಸರನ್ನು ತೊಟ್ಟುಕೊಳ್ಳುವೆನೆಂದು ಆಕೆಯ ಅಭಿಪ್ರಾಯ. ಹೆಸರಿನಲ್ಲಿ ಒಮ್ಮೆ, ಕ್ರಿಯಾಪದದಲ್ಲಿ ಒಮ್ಮೆ, ಒಂದೇ ವಾಕ್ಯದಲ್ಲಿ ನಮ್ಮ ಧಾತುವು ಇಲ್ಲಿ ಎರಡು ಸಾರಿ ಕೇಳಿಬರುತ್ತದೆ.

ಈ ಮಾತಿಗೆ ಬೇತ್ಲೆಹೇಮಿನ ಸ್ತ್ರೀಯರು ಏನು ಉತ್ತರ ಕೊಟ್ಟರು? ಗ್ರಂಥದಲ್ಲಿ ಯಾವ ಉತ್ತರವೂ ಬರೆದಿಲ್ಲ. ಹಾಗೆನ್ನಬೇಡವೆಂದು ಗದರಿಸಿದವರಿಲ್ಲ; ದೇವರನ್ನು ದೂರುವದು ಪಾಪವೆಂದು ಬೋಧಿಸಿದವರಿಲ್ಲ. ಆದರೆ ಇನ್ನೊಂದು ವಿಶೇಷವನ್ನು ನೋಡಿರಿ. ಆಕೆಯನ್ನು ಮಾರಾ ಎಂದು ಒಬ್ಬರಾದರೂ ಒಂದು ಸಾರಿಯಾದರೂ ಕರೆದದ್ದಿಲ್ಲ. ಕಥೆಯು ಕೊನೆಯ ವರೆಗೂ ಆಕೆಯನ್ನು ನೊವೊಮಿ ಎಂದೇ ಹೆಸರಿಸುತ್ತದೆ. ರೂತಳಿಗೆ ಮಗನು ಹುಟ್ಟಿದಾಗ ಅದೇ ನೆರೆಹೊರೆಯವರು ಕೂಡಿಬಂದು, ನೊವೊಮಿಗೆ ಮಗನು ಹುಟ್ಟಿದ್ದಾನೆಂದು ಸಂತೋಷಿಸಿ, ಮಗುವಿಗೆ ಓಬೇದನೆಂದು ಹೆಸರಿಟ್ಟರು. ಕಹಿಯಾದ ಮಾತನ್ನು ಅವರು ತಡೆಯಲಿಲ್ಲ. ಆ ಕಹಿಯೇ ಆಕೆಯ ಹೆಸರೆಂದು ಒಪ್ಪಿಕೊಳ್ಳಲೂ ಇಲ್ಲ.

4. ಕಹಿ ಸೊಪ್ಪು, ಪಿತ್ತ, ರಕ್ತಬೋಳ

ಈ ಧಾತುವಿನಿಂದ ಹುಟ್ಟಿದ ವಸ್ತುವಾಚಕಗಳಲ್ಲಿ ಮೆರೋರೀಮ್ ಎಂಬದು ಮುಖ್ಯವಾದದ್ದು. ಪಸ್ಕದ ರಾತ್ರಿಯಲ್ಲಿ ಸುಟ್ಟ ಮಾಂಸವನ್ನೂ ಹುಳಿಯಿಲ್ಲದ ರೊಟ್ಟಿಯನ್ನೂ ಕಹಿಯಾದ ಸೊಪ್ಪಿನೊಡನೆ ತಿನ್ನಬೇಕೆಂದು ವಿಮೋಚನಕಾಂಡದ 12ನೆಯ ಅಧ್ಯಾಯವು ವಿಧಿಸುತ್ತದೆ. ಸುಮಾರು ಕ್ರಿ. ಶ. 200ರಲ್ಲಿ ಕ್ರೋಡೀಕರಿಸಲ್ಪಟ್ಟ ಮಿಷ್ನಾ ಎಂಬ ಯೆಹೂದ್ಯ ಗ್ರಂಥವು ಇದಕ್ಕೆ ಯೋಗ್ಯವಾದ 5 ವಿಧದ ಸಸ್ಯಗಳನ್ನು ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದು ಲೆಟ್ಯೂಸ್ ಎಂಬ ಸೊಪ್ಪು. ಎಳೆಯದಾಗಿದ್ದಾಗ ಮೃದುವಾಗಿದ್ದು ಬಲಿತ ಮೇಲೆ ಕಹಿಯಾಗುವ ಈ ಸೊಪ್ಪನ್ನು ಪೂರ್ವದ ಬೋಧಕರು ಐಗುಪ್ತ್ಯರಿಗೆ ಹೋಲಿಸಿದರು; ಯಾಕಂದರೆ ಅವರೂ ಮೊದಲು ಮೃದುವಾಗಿ ನಡೆದು ಕಡೆಗೆ ಕ್ರೂರರಾದರು. ಯೂರೋಪಿನ ಚಳಿಯ ಪ್ರಾಂತ್ಯಗಳಲ್ಲಿ ಈ ಸೊಪ್ಪು ಸಕಾಲಕ್ಕೆ ಸಿಕ್ಕದಿದ್ದದರಿಂದ ಅಲ್ಲಿಯವರು ಖಾರವಾದ ಒಂದು ಗೆಡ್ಡೆಯನ್ನು ಬಳಸತೊಡಗಿದರು. ಇಂದಿಗೂ ಯೆಹೂದ್ಯರ ಮನೆಗಳಲ್ಲಿ ಮಕ್ಕಳು ಸಹ ಆ ರಾತ್ರಿ ಕಹಿಯನ್ನು ಬಾಯಿಗೆ ಹಾಕಿಕೊಂಡು, ತಮ್ಮ ಪಿತೃಗಳು ದಾಸರಾಗಿದ್ದರೆಂಬದನ್ನು ನೆನಸುತ್ತಾರೆ. ಬಿಡುಗಡೆಯ ಹಬ್ಬದಲ್ಲಿಯೂ ಕಹಿಗೆ ಒಂದು ಸ್ಥಾನವಿರುವದು ಎಷ್ಟು ಅರ್ಥವುಳ್ಳದ್ದು! ಯುಗಾದಿಯ ದಿನ ಬೇವುಬೆಲ್ಲವನ್ನು ಹಂಚಿ ತಿನ್ನುವ ನೆರೆಹೊರೆಯವರ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವದು ಕಷ್ಟವಲ್ಲ.

ಪಿತ್ತಕ್ಕೆ ಇಬ್ರಿಯದಲ್ಲಿ ಮೆರೇರಾ ಅಥವಾ ಮೆರೋರಾ ಎಂದು ಹೆಸರು. ಯೋಬನ ಗ್ರಂಥದಲ್ಲಿ ಇದು ಕಾಣುತ್ತದೆ. ಅದೇ ಗ್ರಂಥದ 20ನೆಯ ಅಧ್ಯಾಯದಲ್ಲಿ ಸರ್ಪದ ವಿಷಕ್ಕೂ ಇದೇ ಮಾತು ಬಂದಿದೆ. ಒಳಗೆ ಉಳಿದ ಕಹಿಯು ವಿಷಕ್ಕೆ ಎಷ್ಟು ಸಮೀಪವೆಂದು ಭಾಷೆಯೇ ಎಚ್ಚರಿಸುವಂತಿದೆ.

ಇದೇ ಕುಟುಂಬದ ಇನ್ನೊಂದು ಮಾತು ಮೋರ್. ನಮ್ಮ ಕನ್ನಡ ಸತ್ಯವೇದದಲ್ಲಿ ಇದು ರಕ್ತಬೋಳವೆಂದು ಭಾಷಾಂತರವಾಗಿದೆ. ಸೊಮಾಲಿಯಾ, ಇಥಿಯೋಪಿಯಾ, ದಕ್ಷಿಣ ಅರೇಬಿಯಾಗಳ ಒಣನೆಲದಲ್ಲಿ ಬೆಳೆಯುವ ಒಂದು ಮುಳ್ಳುಗಿಡದ ತೊಗಟೆಯನ್ನು ಕೊಯ್ದರೆ ಅದರಿಂದ ಸೋರುವ ರಸವು ಗಟ್ಟಿಯಾಗಿ ಕೆಂಗಂದು ಬಣ್ಣದ ಹರಳುಗಳಾಗುತ್ತದೆ. ನಮ್ಮ ದೇಶದ ಗುಗ್ಗುಳದ ಗಿಡವು ಇದೇ ಜಾತಿಗೆ ಸೇರಿದ್ದು. ರಕ್ತಬೋಳದ ರುಚಿಯು ಕಹಿ, ಅದರ ಪರಿಮಳವೋ ಅತಿ ಮನೋಹರ. ರುಚಿಯಿಂದಲೇ ಅದಕ್ಕೆ ಈ ಹೆಸರು ಬಂದಿತೆಂದು ಪಂಡಿತರು ಸಾಮಾನ್ಯವಾಗಿ ಒಪ್ಪುತ್ತಾರೆ. ಅಭಿಷೇಕತೈಲಕ್ಕೆ 500 ಶೆಕೆಲು ತೂಕದ ರಕ್ತಬೋಳವು ಬೇಕಾಗಿತ್ತು. ಎಸ್ತೇರಳು ಅರಸನ ಸನ್ನಿಧಿಗೆ ಹೋಗುವ ಮುಂಚೆ 6 ತಿಂಗಳು ರಕ್ತಬೋಳದ ತೈಲದಿಂದ ಶುದ್ಧಿ ಮಾಡಿಸಿಕೊಳ್ಳಬೇಕಾಯಿತು. ಕರ್ತನ ಚರಿತ್ರೆಯಲ್ಲಿ ಇದು ಮೂರು ಸಾರಿ ಬರುತ್ತದೆ. ಶಿಶುವಾಗಿದ್ದಾಗ ಜೋಯಿಸರು ಇದನ್ನು ಕಾಣಿಕೆಯಾಗಿ ತಂದರು. ಶಿಲುಬೆಯ ಬಳಿ ಇದನ್ನು ಬೆರಸಿದ ದ್ರಾಕ್ಷಾರಸವನ್ನು ಕೊಡಲು ಆತನು ತೆಗೆದುಕೊಳ್ಳಲಿಲ್ಲ. ಸಮಾಧಿಯ ಸಮಯದಲ್ಲಿ ನಿಕೊದೇಮನು ರಕ್ತಬೋಳವನ್ನೂ ಅಗರುವನ್ನೂ ಕಲಸಿದ ಸುಗಂಧವನ್ನು ಸುಮಾರು 100 ರೋಮನ್ ರಾತಲಿನಷ್ಟು, ಎಂದರೆ ಈಗಿನ ಲೆಕ್ಕದಲ್ಲಿ 30 ಕಿಲೋಗ್ರಾಮಿಗೂ ಮೇಲ್ಪಟ್ಟು, ತಂದನು.

5. ಹೋಲಿಕೆಯಿದ್ದರೂ ಸಂಬಂಧವಿಲ್ಲದ ಮಾತುಗಳು

ಇಷ್ಟನ್ನು ಕಲಿತವರು ಮರ್ ಎಂದು ಕೇಳಿಸುವ ಎಲ್ಲಾ ಮಾತುಗಳಲ್ಲಿಯೂ ಕಹಿಯನ್ನು ಹುಡುಕುವ ಅಪಾಯವುಂಟು. ಎದುರುಬೀಳುವದು ಎಂಬರ್ಥದ ಇಬ್ರಿಯ ಧಾತುವೊಂದು ಮ್, ರ್, ಹ್ ಎಂಬ ಅಕ್ಷರಗಳುಳ್ಳದ್ದು, ಅದು ಬೇರೆ. ಇಬ್ರಿಯಕ್ಕೆ ಸಮೀಪವಾದ ಅರಾಮ್ಯ ಭಾಷೆಯಲ್ಲಿ ಮಾರ್, ಮಾರಾ ಎಂದರೆ ಒಡೆಯನು, ಅದೂ ಬೇರೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಕೊನೆಯಲ್ಲಿರುವ ಮಾರಾನಾಥಾ ಎಂಬದು ಕರ್ತನ ಬರೋಣವನ್ನು ಕುರಿತ ಮಾತೇ ಹೊರತು ಕಹಿಯನ್ನು ಕುರಿತದ್ದಲ್ಲ. ಸುರಿಯಾನಿ ಸಭೆಗಳ ಬಿಷಪರ ಹೆಸರಿನ ಮುಂದೆ ಬರುವ ಮಾರ್ ಎಂಬ ಗೌರವಪದವೂ ಇದೇ. ಮಾರ್ಥ ಎಂಬದು ಅದರ ಸ್ತ್ರೀಲಿಂಗ. ಮನೆಯ ಒಡತಿ ಎಂದು ಅರ್ಥ. ಬೇಥಾನ್ಯದ ಮಾರ್ಥಳಿಗೆ ಇದಕ್ಕಿಂತ ತಕ್ಕ ಹೆಸರುಂಟೋ?

ಈಗ ತಾಯಂದಿರ ಪ್ರಶ್ನೆಗೆ ಬರುವೆವು. ಮರಿಯ ಎಂಬದು ಮೋಶೆಯ ಅಕ್ಕನಾದ ಮಿರ್ಯಾಮಳ ಹೆಸರಿನ ಇನ್ನೊಂದು ರೂಪ. ಐಗುಪ್ತ್ಯರು ಜೀವವನ್ನು ಕಹಿಮಾಡಿದ ಕಾಲದಲ್ಲಿ ಹುಟ್ಟಿದ್ದರಿಂದ ಆಕೆಗೆ ಆ ಹೆಸರಾಯಿತೆಂದು ಯೆಹೂದ್ಯ ಬೋಧಕರು ಹೇಳುತ್ತಿದ್ದರು. ಕ್ರಿ. ಶ. 420ರಲ್ಲಿ ಮೃತಿಹೊಂದಿದ ಜೆರೋಮನೆಂಬ ಪಂಡಿತನು ಅದಕ್ಕೆ ಸಮುದ್ರದ ಹನಿ ಎಂಬ ಅರ್ಥವನ್ನು ಕೊಟ್ಟನು. ಆಕೆಯು ಹುಟ್ಟಿದ್ದು ಐಗುಪ್ತದಲ್ಲಾದ್ದರಿಂದ ಅದು ಪ್ರಿಯಳು ಎಂಬರ್ಥದ ಐಗುಪ್ತ್ಯ ಮಾತಿನಿಂದ ಬಂದಿರಬಹುದೆಂದು ಈಚಿನ ಅನೇಕ ಪಂಡಿತರ ಅಭಿಪ್ರಾಯ. ಹೀಗೆ ಅಭಿಪ್ರಾಯಗಳು ಹಲವು. ಕಹಿ ಎಂಬದು ಅವುಗಳಲ್ಲಿ ಒಂದು ಮಾತ್ರವೇ. ಮರಿಯಮ್ಮನ ತಾಯಿಯು ಚಿಂತೆಪಡಬೇಕಾದದ್ದೇನೂ ಇಲ್ಲ. ಒಂದು ವೇಳೆ ಕಹಿ ಎಂಬದೇ ಅರ್ಥವಾಗಿದ್ದರೂ, ರಕ್ತಬೋಳವು ಹುಟ್ಟಿದ ಕುಟುಂಬದಲ್ಲಿ ಹುಟ್ಟುವದು ಅವಮಾನವಲ್ಲ.

6. ಕಹಿಯ ಬೇರು

ಆದರೂ ಈ ಧಾತುವಿಗೆ ಭಯಂಕರವಾದ ಒಂದು ಮುಖವುಂಟು. ದಾವೀದನೂ ಅವನ ಜನರೂ ಮರಿಗಳನ್ನು ಕಳೆದುಕೊಂಡ ಕರಡಿಯಂತೆ ಕಹಿಮನಸ್ಸುಳ್ಳವರೆಂದು ಸಮುವೇಲನ ಎರಡನೆಯ ಪುಸ್ತಕದ 17ನೆಯ ಅಧ್ಯಾಯ ಹೇಳುವಾಗ ಅಲ್ಲಿ ದುಃಖವಲ್ಲ, ಕೊಲ್ಲುವ ಕೋಪವು ಸೂಚಿತವಾಗಿದೆ. ಹನ್ನಳ ಕಹಿಯನ್ನು ಹೇಳಿದ ಮಾತೇ ಈ ಕೋಪವನ್ನೂ ಹೇಳುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಕಹಿಯ ಬೇರು ಮೊಳೆತು ಅನೇಕರನ್ನು ಕೆಡಿಸದಂತೆ ನೋಡಿಕೊಳ್ಳಬೇಕೆಂಬ ಎಚ್ಚರಿಕೆಯುಂಟು. ಅಲ್ಲಿಯ ಗ್ರೀಕ್ ಶಬ್ದವು ಪಿಕ್ರಿಯಾ. ಹಳೇ ಒಡಂಬಡಿಕೆಯನ್ನು ಕ್ರಿಸ್ತಪೂರ್ವದಲ್ಲಿಯೇ ಗ್ರೀಕಿಗೆ ತಿರುಗಿಸಿದ ಯೆಹೂದ್ಯರು ಮಾರಾ ಎಂಬ ಸ್ಥಳಕ್ಕೆ ಇದೇ ಹೆಸರನ್ನು ಇಟ್ಟಿದ್ದರು.

ಗಮನಿಸಿರಿ: ಎಚ್ಚರಿಕೆಯು ಬೇರನ್ನು ಕುರಿತದ್ದು. ಬೇರೆಂದರೆ ಮಣ್ಣಿನೊಳಗೆ ಅಡಗಿರುವಂಥದ್ದು. ಹನ್ನಳು ತನ್ನ ಕಹಿಯನ್ನು ದೇವಾಲಯದಲ್ಲಿ ಸುರಿದಳು. ಶೂನೇಮಿನವಳು ಪ್ರವಾದಿಯ ಪಾದಗಳ ಬಳಿ ಇಟ್ಟಳು. ನೊವೊಮಿಯು ಊರಬಾಗಲಲ್ಲಿ ಹೆಸರಿಟ್ಟು ಹೇಳಿದಳು. ಇವರಲ್ಲಿ ಒಬ್ಬಳಲ್ಲಿಯೂ ಅದು ಬೇರೂರಲಿಲ್ಲ. ಹೇಳಗೊಡಿಸದೆ ಒಳಕ್ಕೆ ತಳ್ಳಿದ ಕಹಿಯೇ ಬೇರಾಗುವದು.

ಹಳೆಯ ವಿದ್ಯಾರ್ಥಿನಿಯರಾದ ಪ್ರಿಯ ಸೋದರಿಯರೇ, ನಿಮ್ಮಲ್ಲಿ ಅನೇಕರು ಈಗ ಉಪಾಧ್ಯಾಯಿನಿಯರೂ ದಾದಿಯರೂ ಗೃಹಿಣಿಯರೂ ಆಗಿದ್ದೀರಿ. ನಿಮ್ಮ ಮನೆಬಾಗಲಿಗೆ ಕಹಿಮನಸ್ಸಿನವರು ಬಾರದೆ ಇರರು. ಅತ್ತೆಯ ಮನೆಯಿಂದ ಅಳುತ್ತಾ ಬಂದ ಮಗಳಿಗೆ, ಗಂಡನನ್ನು ಕಳೆದುಕೊಂಡ ನೆರೆಯವಳಿಗೆ, ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಗೆ, ಎಲ್ಲವೂ ದೇವರ ಚಿತ್ತ, ಸುಮ್ಮನಿರು ಎಂದು ಹೇಳುವದು ಸುಲಭ. ಆ ಮಾತು ಸುಳ್ಳಲ್ಲದಿದ್ದರೂ ಅದನ್ನು ಮೊದಲನೆಯ ಗಳಿಗೆಯಲ್ಲಿ ಹೇಳುವವರು ಗೇಹಜಿಯ ಕೆಲಸವನ್ನು ಮಾಡುತ್ತಾರೆ. ತಂದೆತಾಯಿಗಳಿಗೂ ನಮ್ಮ ವಿಜ್ಞಾಪನೆ ಇದೇ: ಮಗಳು ಕಹಿಯಾಗಿ ಮಾತಾಡಿದರೆ ಮೊದಲು ಅವಳ ನಾಲಿಗೆಯನ್ನು ತಿದ್ದಬೇಡಿರಿ; ಅವಳ ಪ್ರಾಣವನ್ನು ಕೇಳಿರಿ. ಕ್ಷೇಮವೆಂದು ಉತ್ತರ ಕೊಟ್ಟು ಹೋಗುವವಳನ್ನು ಇನ್ನೂ ಒಂದು ಸಾರಿ ಕೇಳಿರಿ. ಅವಳು ತನ್ನನ್ನು ಮಾರಾ ಎಂದು ಕರೆದುಕೊಂಡರೆ ತಡೆಯದೆ ಕೇಳಿಸಿಕೊಂಡು, ನೀವು ಮಾತ್ರ ಅವಳನ್ನು ನೊವೊಮಿ ಎಂದೇ ಕರೆಯುತ್ತಿರಿ.